ಹಾಲುಗಂಬ

ಮದುವೆ ಚಪ್ಪರದಲ್ಲಿ ನೆಡುವ ಹಾಲುಗಂಬಕ್ಕೆ, ಕಡಿದರೆ ಹಾಲು ಸುರಿಸುವ ಮರವೇ ಆಗಬೇಕು. ಅತ್ತಿಯೋ ಆಲವೋ ಆದರೆ ಸರಿ. ನಮ್ಮೂರು ಮಧುರೆಯ ಸುತ್ತ ಈಗ ಅತ್ತಿ ಎಲ್ಲಿದೆ? ಲೇಔಟ್ ಮಾಡುವವರು ಬೇರುಸಹಿತ ಎತ್ತಿಹಾಕಿದ್ದಾರೆ. ಕಂಬ ಹುಡುಕಿ ತರುವ ಕೆಲಸ ನನ್ನ ಮೈದುನ ವೇಣುಗೋಪಾಲನದು. ಆ ಮಹಾರಾಯನಿಗೆ ಕೂತಲ್ಲೇ ಎಲ್ಲ ಸಿಗಬೇಕು.

ಚಪ್ಪರದ ದಿನ ಮಧ್ಯಾಹ್ನ ನಾನು ಹೊಲದ ಬದುವಿನಲ್ಲಿರುವ ನಮ್ಮ ಯಜಮಾನರ ಸಮಾಧಿಗೆ ಹೋದೆ. ಮಗಳು ಅಕ್ಷತಳ ಲಗ್ನಪತ್ರಿಕೆ ಇಟ್ಟು ಅವರನ್ನು ಮದುವೆಗೆ ಕರೆಯಬೇಕಿತ್ತು. ಅವರನ್ನು ಮಣ್ಣು ಮಾಡಿದ ವರ್ಷ ಅಲ್ಲೊಂದು ದೇವಕಣಗಿಲೆ ಕೊಂಬೆ ಸಿಕ್ಕಿಸಿದ್ದೆ. ನೀರು ಹಾಕದಿದ್ದರೂ ಮರವಾಯಿತು. ಸಂಜೆಯಾದರೆ ಘಮ್ಮೆನ್ನುತ್ತದೆ. ಆ ಹೂವಿನಲ್ಲಿ ಒಂದು ತೊಟ್ಟು ಜೇನಿಲ್ಲ, ಬರೀ ವಾಸನೆ. ಪತಂಗಗಳು ನಂಬಿ ಬಂದು ಬರಿಬಾಯಲ್ಲಿ ಹೋಗುತ್ತವೆ, ಈ ಮನೆಯ ಮಾತು ನಂಬಿ ನಾನು ಬಂದ ಹಾಗೆ.

ಹೋಗಿ ನೋಡಿದರೆ ತೋಳುಗಾತ್ರದ ಕೊಂಬೆಯೇ ಇಲ್ಲ. ಕಡಿದ ಜಾಗದಿಂದ ಬಿಳಿಹಾಲು ಸಮಾಧಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮನೆಗೆ ಬಂದಾಗ ಅದೇ ಕೊಂಬೆ ಅರಿಶಿನ ಬಳಿಸಿಕೊಂಡು, ತುದಿಯ ಮೊಗ್ಗುಗಳ ಸಮೇತ ಚಪ್ಪರದಲ್ಲಿ ನಿಂತಿತ್ತು. ವೇಣುಗೋಪಾಲನನ್ನು ಹಿತ್ತಿಲಿಗೆ ಕರೆದು ಕೇಳಿದೆ. ಅವನಿಗೆ ನಾಚಿಕೆಯೂ ಆಗಲಿಲ್ಲ.

"ಹಾಲು ಬರುತ್ತಲ್ಲ ಅತ್ತಿಗೆ, ಸಾಕು ಬಿಡಿ. ಸಮಾಧಿ ಮರ ಅಂತ ಗಂಡಿನ ಕಡೆಯವ್ರಿಗೆ ಗೊತ್ತಾದ್ರೆ ಮದ್ವೆ ನಿಂತೋಗುತ್ತೆ. ಆಮೇಲೆ ನಿಮ್ಮ ಮಗಳ ಗತಿ ನೀವೇ ನೋಡ್ಕೊಳಿ" ಎಂದ.

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ನುಂಗಿದೆ.

ಮುತ್ತೈದೆಯರು ಕಂಬಕ್ಕೆ ಹಾಲೆರೆಯಲು ಸೇರಿದರು. ಅಕ್ಷತ ಹಟ ಹಿಡಿದಳು, ಮೊದಲು ಅಮ್ಮನೇ ಎರೆಯಬೇಕು ಎಂದು. ನಾನು ಚೊಂಬಿಗೆ ಕೈಚಾಚಿಯೂ ಬಿಟ್ಟಿದ್ದೆ. ಓರಗಿತ್ತಿ ದಿವ್ಯ ಮೆಲ್ಲಗೆ ನನ್ನ ಕೈ ಸರಿಸಿದಳು.

"ನೀವು ಒಳಗಿರಿ ಅಕ್ಕ. ಒಳ್ಳೇ ಕೆಲ್ಸದಲ್ಲಿ ಅಪಶಕುನ ಬೇಡ."

ನೀನು ಹಾಲೆರೆಯಹೊರಟಿರುವುದು ಯಾರ ಎದೆಯ ಮೇಲಿನ ಮರಕ್ಕೆ ಗೊತ್ತೇನೇ ಎಂದು ಕೂಗಬೇಕೆನಿಸಿತು. ಮಗಳ ಮುಖ ನೋಡಿ ಅಡುಗೆಮನೆಗೆ ಹೋದೆ. ಅಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಮದುವೆಯ ಬೆಳಿಗ್ಗೆ ಕಂಬದ ಮೊಗ್ಗೆಲ್ಲ ಅರಳಿತ್ತು. ದೇವಕಣಗಿಲೆಯ ಗುಣವೇ ಅದು. ಬೇರಿಲ್ಲದಿದ್ದರೂ ಎಲೆಯಿಲ್ಲದಿದ್ದರೂ ಕೊಂಬೆ ತನ್ನೊಳಗಿನ ಸತ್ವದಲ್ಲೇ ಹೂಬಿಡುತ್ತದೆ. ಇದು ಯಾರಿಗೆ ಬೇಕು? ಹಾಲುಗಂಬ ಹೂಬಿಟ್ಟಿದೆ ಎಂದು ಊರೆಲ್ಲ ನೋಡಲು ಬಂತು. ಯಾರ ಕೈಗುಣ ಎಂದು ಬೀಗಿತ್ತಿ ಕೇಳಿದರೆ, ಮೊದಲು ಹಾಲೆರೆದಿದ್ದ ದಿವ್ಯ ತಲೆ ತಗ್ಗಿಸಿ ನಕ್ಕಳು. ಬೀಗಿತ್ತಿ ಅವಳಿಗೆ ಸೀರೆ ಉಡುಗೊರೆ ಕೊಟ್ಟರು.

ಹೆಣ್ಣು ಕಳಿಸುವ ಹೊತ್ತಿಗೆ ಬೀಗಿತ್ತಿ ಕಂಬವನ್ನೂ ಕೀಳಿಸಿದರು. ಹೊಸಕೋಟೆಯ ತಮ್ಮ ಮನೆಬಾಗಿಲಲ್ಲಿ ನೆಟ್ಟರೆ ವಂಶ ಚಿಗುರುತ್ತದಂತೆ. ಅಪ್ಪ ಮಗಳ ಜೊತೆಗೇ ಹೋಗುತ್ತಾರಲ್ಲ, ನಾನೂ ಆಗಾಗ ಹೋಗಿ ಇಬ್ಬರನ್ನೂ ನೋಡಿ ಬರಬಹುದು ಎಂದು ನನಗೆ ಒಳಗೊಳಗೇ ಸಂತೋಷವಾಯಿತು.

ಕಾರು ಹತ್ತುವ ಮೊದಲು ಬೀಗಿತ್ತಿ ನನ್ನ ಹತ್ತಿರ ಬಂದರು. ಒರಟು ಮಾತಿನವರಲ್ಲ, ನನ್ನ ಕೈಯನ್ನೂ ಹಿಡಿದುಕೊಂಡರು.

"ತಪ್ಪು ತಿಳ್ಕೋಬೇಡಿ ವಾಣಿಶ್ರೀ. ಗಿಡ ಬೇರು ಬಿಡೋವರ್ಗೂ ನೀವು ನಮ್ಮನೆ ಕಡೆ ಬರ್ಬೇಡಿ. ಮುತ್ತೈದೆ ಕೈಲಿ ಹೂಬಿಟ್ಟಿರೋದು, ನಿಮ್ಮ ದೃಷ್ಟಿ ತಾಗೋದು ಬೇಡ."

ಕಾರಿನ ಕಿಟಕಿಯಿಂದ ಅಕ್ಷತ ನನ್ನನ್ನೇ ನೋಡುತ್ತಿದ್ದಳು. ಆಗಲಿ ಎಂದೆ.