ಕೆಂಪು ಕಟ್ಟಿದ ಕಾಯಿ

ಕೆಂಪು, ಏನೋ ಕೆಂಪು, ಎದುರಂಗಡಿಯ ಕೊಡೆಯ ನೆರಳಿನಲ್ಲಿ ಒಮ್ಮೆ ಅಲ್ಲಾಡಿತು, ಟೊಮ್ಯಾಟೊ ಇರಬೇಕು, ಅಲ್ಲ, ಟೊಮ್ಯಾಟೊ ಅಲ್ಲಾಡುವುದಿಲ್ಲ — ಹೌದಮ್ಮ, ಬದನೆ ಬೆಳಿಗ್ಗೆ ಕೊಯ್ದಿದ್ದೇ, ಮುಟ್ಟಿ ನೋಡಿ, ಚಿವುಟಬೇಡಿ — ಉಗುರಿನಲ್ಲಿ ವ್ಯಾಪಾರ ಮಾಡುವವರನ್ನು ಮೂವತ್ತು ಹೆಜ್ಜೆ ದೂರದಿಂದಲೇ ಗುರುತಿಸಬಲ್ಲೆ, ಅಷ್ಟೇಕೆ, ಕಣ್ಣು ಕಟ್ಟಿ ಬಿಟ್ಟರೂ ನನ್ನ ಸೌತೆಯನ್ನು ವಾಸನೆಯಲ್ಲೇ ಹೆಕ್ಕಬಲ್ಲೆ, ಕಹಿಯೆಂಬುದೇ ಇಲ್ಲದ ಸೌತೆ, ಅತ್ತೆ ಕೊಟ್ಟ ಬೀಜ, ಯಾರಿಗೂ ಕೊಡಬೇಡ ಕಣೇ, ಕೊಟ್ರೆ ನಿನ್ನ ಮುಂದೆ ನೊಣಾನೂ ಕೂರಲ್ಲ, ಕೊಡಲಿಲ್ಲ, ಎದುರಿನ ತಕ್ಕಡಿಯಕ್ಕನಿಗಂತೂ ಇಲ್ಲವೇ ಇಲ್ಲ, ಕರೆಂಟಿನ ತೂಕದ ಮೆಷಿನ್ನು ಸುಳ್ಳು ಹೇಳುತ್ತದೆಂದು ಇನ್ನೂ ಹಳೆಯ ತಕ್ಕಡಿ ಹಿಡಿದಿರುವವಳು, ಏಳು ವರ್ಷದಿಂದ ಕೇಳುತ್ತಿದ್ದಾಳೆ, ತಂಗೀ, ನಾಲ್ಕೇ ನಾಲ್ಕು ಬೀಜ ಕೊಡೇ, ಅಯ್ಯೋ ಅಕ್ಕಾ, ಈ ಸಲ ಹೆಗ್ಗಣ ತಿಂದ್ಬಿಡ್ತು, ಹೋದ ಸಲಾನೂ ಹೆಗ್ಗಣಾನೇ ಅಲ್ವೇನೇ, ನಿಮ್ಮನೆ ಹೆಗ್ಗಣಕ್ಕೆ ಭಾರೀ ನಾಲಿಗೆ ಬಿಡು, ನಕ್ಕಳು, ನಾನೂ ನಕ್ಕೆ, ಹೇಳಿ ಹೇಳಿ ಈ ವರ್ಷ ಹೆಗ್ಗಣ ನಿಜವಾಗಿಯೇ ಬಂತು, ಬಿತ್ತಿ ಮಿಕ್ಕ ಬೀಜವನ್ನು ಚೀಲದ ಸಮೇತ ಮುಗಿಸಿ ಹೋಯಿತು, ಹೋಗಲಿ, ಹೆದರುವ ಪೈಕಿಯಲ್ಲ ನಾನು, ಬಳ್ಳಿಗಳೆಲ್ಲ ಒಣಗುವ ಹೊತ್ತಿಗೆ ಬೇಲಿ ಪಕ್ಕದ ಒಂದೇ ಒಂದು ಕಾಯಿ ಬೀಜಕ್ಕೆಂದು ಉಳಿಸಿದ್ದೇನೆ, ಹಳದಿಗೆ ತಿರುಗಿ ಮಗುವಿನ ತೊಡೆಯಷ್ಟು ದಪ್ಪಗಿದೆ, ಹಳೆಯ ಕೆಂಪು ಪರದೆಯ ಅಂಚು ಹರಿದು ತೊಟ್ಟಿಗೆ ಕಟ್ಟಿದ್ದೇನೆ, ಒಂದು ಗಂಟು, ಕೆಂಪು ಎಂದರೆ ಮುಟ್ಟಬೇಡ, ರಸ್ತೆಯ ಲಾರಿಗೂ ಗೊತ್ತಿರುವ ಸಂಗತಿ — ನಮ್ಮ ಯಜಮಾನರೇಕೆ ಇಷ್ಟು ಬೀಗುತ್ತಿದ್ದಾರೆ, ಗಂಡಸರು ಹೀಗೆ ಎದೆಯುಬ್ಬಿಸಿದರೆ ಎಲ್ಲೋ ಏನೋ ಮುರಿದಿದೆ ಎಂದೇ ಅರ್ಥ, ನೀನು ಟೀ ಕುಡಿದು ಬರೋಷ್ಟರಲ್ಲಿ ಬೋಣಿ ಮಾಡ್ದೆ ಕಣೇ, ಆ ಮುದಿ ಸೌತೆ ಯಾರಿಗೆ ಬೇಕು ಅಂದ್ಕೊಂಡಿದ್ದೆ, ತಕ್ಕಡಿಯಕ್ಕ ಚೌಕಾಸಿ ಮಾಡದೆ ಎತ್ಕೊಂಡು ಹೋದ್ಳು, ಯಾವ ಮುದಿ ಸೌತೆ, ಅದೇ, ನೀನು ಕೆಂಪು ಕಟ್ಟಿದ್ದು, ಕೆಂಪು ಕಟ್ಟಿದ್ದನ್ನ ಯಾಕ್ರೀ ಕೊಯ್ದ್ರಿ, ನೀನೇ ತಾನೇ ಹೋದ ವಾರ ಕುಂಬಳಕ್ಕೆ ಕಟ್ಟಿ, ಕೆಂಪು ಇದ್ದಿದ್ದೆಲ್ಲ ಸಂತೆಗೆ ಅಂದಿದ್ದು — ಅಂದಿದ್ದೆ, ಆದರೆ ಕುಂಬಳದ ಕೆಂಪು ಬೇರೆ, ಸೌತೆಯ ಕೆಂಪು ಬೇರೆ, ಹದಿನೆಂಟು ವರ್ಷ ಸಂಸಾರ ಮಾಡಿದವರಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ, ಇರಲಿ, ಎರಡು ಕಿಲೋ ಬದನೆ ಕೊಟ್ಟು ಬದಲಾಯಿಸಿಕೊಂಡು ಬಂದರಾಯಿತು, ಅಕ್ಕಾ ಅದು ಕಹಿ, ವಾಪಸ್ ಕೊಡಿ, ನನ್ನ ಸೌತೆ ಕಹಿಯೆಂದು ತುಂಬಿದ ಸಂತೆಯಲ್ಲಿ ನನ್ನ ಬಾಯಿಂದಲೇ, ಬೇಡ, ಹುಳ ಹೊಕ್ಕಿದೆ ಎನ್ನುತ್ತೇನೆ, ಅವಳಿಗೇನು ಗೊತ್ತು, ಹಸುವಿಗೆ ಹೆಚ್ಚಿ ಹಾಕಲು ಒಯ್ದಿರುತ್ತಾಳೆ, ಹೆಚ್ಚಿಬಿಟ್ಟಳೇ — ಮಡಿಲಲ್ಲಿ ಬದನೆ, ದಾರಿ ಬಿಡಿ, ಅಣ್ಣಾ ಸೈಕಲ್ಲು ಆ ಕಡೆ, ಕೊಡೆಯ ಕೆಳಗೆ ಅವಳು, ಮಾರುವ ರಾಶಿಯಲ್ಲಿ ಇಲ್ಲ, ಹಸುವಿನ ಬುಟ್ಟಿಯಲ್ಲೂ ಇಲ್ಲ, ಅವಳ ಬೆನ್ನ ಹಿಂದೆ, ಮಡಿಸಿದ ಗೋಣಿಯ ಮೇಲೆ, ಮಲಗಿಸಿದ ಹಾಗೆ, ಬಾ ತಂಗೀ, ಅಪರೂಪಕ್ಕೆ ಈ ಕಡೆ, ಹೆಗ್ಗಣ ಚೆನ್ನಾಗಿದ್ಯಾ, ಹುಳದ ಮಾತು ನಾಲಿಗೆಯ ತುದಿಯಲ್ಲಿದೆ, ಕಣ್ಣು ಮಾತ್ರ ಆ ಕೆಂಪು ಚಿಂದಿಯ ಮೇಲೆ, ನಾನು ಹಾಕಿದ್ದು ಒಂದು ಗಂಟು, ಈಗ ಅದಕ್ಕೆ ಎರಡು ಗಂಟು, ಎರಡನೆಯದು ಅವಳ ಕೈಯದು, ಇನ್ನೂ ಬಿಗಿಯಾಗಿ, ಕೆಂಪು, ಎರಡು ಗಂಟು