ಒಳ್ಳೆಯ ವಾತಾವರಣ

ತಿಪ್ಪೇರುದ್ರ ಮೇಷ್ಟ್ರ ಬಾಯಿಗೆ ಆ ವರ್ಷ ಒಂದೇ ಮಾತು ಅಂಟಿಕೊಂಡಿತ್ತು: ವಾತಾವರಣ. ಮಗಳು ಉಷಾರಾಣಿಗೆ ಒಳ್ಳೆಯ ಸ್ಕೂಲು ಸಿಕ್ಕರೆ ಸಾಲದು, ಮನೆಯ ಸುತ್ತಲಿನ ವಾತಾವರಣವೂ ಒಳ್ಳೆಯದಿರಬೇಕು ಎಂದು ಹೆಂಡತಿ ಮಮತಾಗೆ ದಿನಬೆಳಗಾದರೆ ಹೇಳುತ್ತಿದ್ದರು. ತಾವು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿಕೊಂಡು, ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕುವುದಕ್ಕಾಗಿ ವರ್ಗ ಕೇಳಿಕೊಂಡು ಜಗಳೂರಿನ ಕಡೆಯಿಂದ ಗಂಟುಮೂಟೆ ಕಟ್ಟಲು ಹೊರಟ ಮೇಷ್ಟ್ರನ್ನು ಜೊತೆಯ ಮೇಷ್ಟ್ರುಗಳು ಚೆನ್ನಾಗಿಯೇ ಆಡಿಕೊಂಡರು. ಇವರು ನಕ್ಕು ಸುಮ್ಮನಾದರು.

ಮನೆ ಹುಡುಕುವಾಗ ಮಾತ್ರ ಮೊದಮೊದಲು ಸುಮ್ಮನಿರಲಿಲ್ಲ. ಚನ್ನಗಿರಿಯಲ್ಲಿ ಒಂದು ಮನೆಯ ಯಜಮಾನರು ನೀರು, ಕರೆಂಟು, ಗೇಟಿನ ಬೀಗ ಎಲ್ಲ ವಿವರಿಸಿ, ಕೊನೆಗೆ "ಯಾವ ಜನ ನೀವು?" ಎಂದರು. ಮೇಷ್ಟ್ರು "ಎಸ್ಸಿ ರೀ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಮನೆಗೆ ಅವತ್ತೇ ಯಾರೋ ಅಳಿಯ ಬರುವವನಿದ್ದನಂತೆ. ನ್ಯಾಮತಿಯಲ್ಲಿ ಅಳಿಯನೂ ಇರಲಿಲ್ಲ. ಬಾಡಿಗೆಗೆ ಇದೆ ಎಂಬ ಬೋರ್ಡು ಇಳಿಸುವುದನ್ನೇ ಅವರು ಮರೆತಿದ್ದರಂತೆ. ಇವರು ಗೇಟು ದಾಟಿ ತಿರುಗಿ ನೋಡಿದರೆ ಬೋರ್ಡು ಹಾಗೆಯೇ ತೂಗಾಡುತ್ತಿತ್ತು. ಮೇಷ್ಟ್ರು ಸುಮ್ಮನಿರುವುದನ್ನು ಕಲಿತದ್ದು ಇಲ್ಲಿ.

ಉಳಿದದ್ದು ಹೊನ್ನಾಳಿ. ಅಲ್ಲಿ ಮಮತಾಳ ಸೋದರಮಾವ ಮೂಕಪ್ಪ ಇದ್ದರು. ಮನೆಗಳಿಗೆ ಸುಣ್ಣ-ಬಣ್ಣ ಮಾಡುವ ಕೆಲಸ. ತಾಯಿ ತೀರಿಕೊಂಡ ಮೇಲೆ ಮಮತಾ ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿದ್ದುಕೊಂಡೇ. ಮನೆಯಲ್ಲಿ ಒಂದೇ ಲೈಟು, ಅದರ ಕೆಳಗಿನ ಜಾಗ ಯಾವತ್ತೂ ಅವಳದು. ಈಗ ಅವಳ ಮಗಳಿಗೆ ಸ್ಕೂಲು ನೋಡುತ್ತಿದ್ದಾರೆಂದು ಗೊತ್ತಾದದ್ದೇ ತಡ, ಮೂಕಪ್ಪ ತಮ್ಮ ಮನೆಯ ಪಕ್ಕದಲ್ಲೇ ಒಂದು ಮನೆ ಗೊತ್ತು ಮಾಡಿ, ಯಾರೂ ಕೇಳದಿದ್ದರೂ ಒಳಗೆಲ್ಲ ಬಣ್ಣ ಹೊಡೆದು ಫೋನು ಮಾಡಿದರು.

"ಸ್ಕೂಲು ಇಲ್ಲೇ ಐತವ್ವ, ಗಂಟೆ ಹೊಡದ್ರೆ ಕೇಳ್ತೈತೆ. ಬಾಗಿಲಿಗೆ ನೀಲಿ ಬಣ್ಣ ಕೊಟ್ಟೀನಿ, ಉಷಾಗೆ ಇಷ್ಟ ಅಂತ. ಹಾಲುಕ್ಕಿಸಾಕೆ ಹಾಲು ಮಾತ್ರ ನಮ್ಮನೆ ಎಮ್ಮೇದೇ ಆಗ್ಬೇಕು, ನಿಮ್ಮತ್ತೆ ಹೇಳ್ಯಾಳೆ."

ಮಮತಾ ಹೂಂ ಎಂದಳು. ಮೇಷ್ಟ್ರು ಮಾತ್ರ ರಾತ್ರಿ ಊಟಕ್ಕೆ ಕೂತಾಗ ವಾತಾವರಣದ ಮಾತು ತೆಗೆದರು. ಆ ಕೇರಿಯಲ್ಲಿದ್ದುಕೊಂಡು ಆ ಸ್ಕೂಲಿಗೆ ಹೋದರೆ ಮಕ್ಕಳು "ನಿಮ್ಮನೆ ಎಲ್ಲಿ" ಎಂದು ಕೇಳಿಯೇ ಕೇಳುತ್ತಾರೆ, ಆಗ ಉಷಾ ಏನು ಹೇಳಬೇಕು ಎಂದರು. ಮಮತಾಗೆ ಸಿಟ್ಟು ಬಂತು. ಆದರೆ ಆ ಮಾತು ತನ್ನ ಮನಸ್ಸಿಗೂ ಬಂದುಹೋಗಿತ್ತಲ್ಲ ಎಂದು ಸಿಟ್ಟು ಅರ್ಧದಲ್ಲೇ ನಿಂತಿತು. ಅದೇ ಹೈಸ್ಕೂಲಿನ ದಿನಗಳಲ್ಲಿ ಆ ಪ್ರಶ್ನೆಗೆ ಅವಳು "ಹೊಳೆ ಕಡೆ" ಎಂದಷ್ಟೇ ಹೇಳಿ ಮಾತು ಹಾರಿಸುತ್ತಿದ್ದಳು.

ಹೊಸ ಬಡಾವಣೆಯಲ್ಲಿ ಅಡಿಕೆ ವ್ಯಾಪಾರಿ ಗುರುಬಸವರಾಜ್ ಅವರ ಮಹಡಿ ಮನೆ ಖಾಲಿ ಇತ್ತು. ಸ್ಕೂಲಿಗೆ ಅಲ್ಲಿಂದ ದೂರವೇ ಹೆಚ್ಚು.

"ಹೆಸರೇನ್ರಿ ಮೇಷ್ಟ್ರೆ?"

"ತಿಪ್ಪೇರುದ್ರ."

"ಎಲ್ಲಾತು ಊರು? ಜಗಳೂರ ಕಡೆ? ಹಂಗಾದ್ರೆ ನಮ್ಮೋರೇ ಬಿಡ್ರಿ."

ನಾಯಕನಹಟ್ಟಿಯ ದೇವರಿಗೆ ಹರಕೆ ಹೊತ್ತು ಹೆತ್ತವರೆಲ್ಲ ಮಕ್ಕಳಿಗೆ ಇಡುವ ಹೆಸರು ಅದು. ಆ ಸೀಮೆಯಲ್ಲಿ ಯಾವ ಕೇರಿಯಲ್ಲಿ ನಿಂತು ತಿಪ್ಪೇರುದ್ರ ಎಂದು ಕೂಗಿದರೂ ಇಬ್ಬರಾದರೂ ತಿರುಗುತ್ತಾರೆ. ಹೊನ್ನಾಳಿಯ ಅಡಿಕೆ ವ್ಯಾಪಾರಿಗೆ ಇದು ಗೊತ್ತಿರಬೇಕಾಗಿರಲಿಲ್ಲ. ಗೊತ್ತಿದ್ದ ಮೇಷ್ಟ್ರು ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಮತಾಳೂ ಹೇಳಲಿಲ್ಲ. ಹಾಲುಕ್ಕಿಸುವ ದಿನ ಡೈರಿ ಪ್ಯಾಕೆಟ್ಟಿನ ಹಾಲು ಒಲೆಗೇರಿತು. ಮೂಕಪ್ಪನಿಗೆ, ವರ್ಗ ಇನ್ನೂ ಆಗಿಲ್ಲ ಮಾವ, ಆ ಮನೆ ಬೇರೆಯವರಿಗೆ ಕೊಡಲಿ ಬಿಡು ಎಂದು ಫೋನಿನಲ್ಲಿ ಹೇಳಿದ್ದಾಯಿತು. ಹೇಳಿದವಳು ಮಮತಾಳೇ.

ಕೆಳಗಿನ ಮನೆಯ ಶಿವಲೀಲಾ, ಗುರುಬಸವರಾಜ್ ಅವರ ಹೆಂಡತಿ, ಒಳ್ಳೆಯ ಹೆಂಗಸು. ಅದೇ ಕಷ್ಟವಾಗಿತ್ತು. ಹೋಳಿಗೆ ಮಾಡಿದರೆ ಮೊದಲು ಮೇಲಕ್ಕೆ ಕಳಿಸುತ್ತಿದ್ದರು. ಉಷಾಳಿಗೆ ಜಡೆ ಹಾಕಿ ಹೂ ಮುಡಿಸುತ್ತಿದ್ದರು. "ನಮ್ಮೋರೇ ಮೇಲಿದ್ರೆ ಎಷ್ಟು ಧೈರ್ಯ ನೋಡ್ರಿ" ಎನ್ನುತ್ತಿದ್ದರು. ಮಮತಾ ಆ ಹೋಳಿಗೆ ತಿಂದು, ತಟ್ಟೆ ತೊಳೆದು ಕೆಳಗೆ ಕೊಟ್ಟು ಬರುತ್ತಿದ್ದಳು. ಮೇಷ್ಟ್ರ ಮನೆಯಲ್ಲಿ ಮೊಟ್ಟೆ ಬೇಯಿಸುವುದನ್ನೂ ಬಿಟ್ಟರು. ಶ್ರಾವಣದಲ್ಲಿ ಒಂದು ಸೋಮವಾರ ಮಮತಾ ಹಣೆಗೆ ವಿಭೂತಿ ಇಟ್ಟುಕೊಂಡಳು. ಇಟ್ಟುಕೋ ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ಅದು ದಿನವೂ ಬಂತು.

ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸುವ ಏರ್ಪಾಡಾಯಿತು. ಶನಿವಾರ ಬೆಳಿಗ್ಗೆ, ಅಪ್ಪ ಮಗಳು ಇಬ್ಬರೂ ಸ್ಕೂಲಿಗೆ ಹೋದ ಮೇಲೆ, ಮಮತಾ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕೆಳಗೆ ಕಾಂಪೌಂಡಿನೊಳಗೆ ಏಣಿ ಇಳಿಸಿದ ಸದ್ದಾಯಿತು. ಬಗ್ಗಿ ನೋಡಿದಳು. ಮೂಕಪ್ಪ ಮಾವ ತಲೆಗೆ ಟವೆಲ್ ಸುತ್ತಿಕೊಳ್ಳುತ್ತ ಗೋಡೆಯ ಎತ್ತರ ಅಂದಾಜು ಮಾಡಲು ಮುಖ ಎತ್ತಿದ್ದರು.

ಅವರ ಮುಖ ಅರಳಿತು. ಬಾಯಿ ತೆರೆಯಿತು. ಮಮತಾ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಜೀವಮಾನದಲ್ಲಿ ಅಷ್ಟು ಸಣ್ಣ ಹೆಜ್ಜೆ ಅಷ್ಟು ದೂರ ಹೋದದ್ದಿಲ್ಲ. ಮೂಕಪ್ಪ ಅವಳ ಹಣೆ ನೋಡಿದರು, ತಂತಿಯ ಮೇಲಿದ್ದ ಉಷಾಳ ಯೂನಿಫಾರ್ಮು ನೋಡಿದರು, ಪಕ್ಕದಲ್ಲಿ ನಿಂತು ಗೋಡೆ ತೋರಿಸುತ್ತಿದ್ದ ಶಿವಲೀಲಾರನ್ನು ನೋಡಿದರು. ತೆರೆದ ಬಾಯಿಗೆ ಬೇರೆ ಮಾತು ಹುಡುಕಿಕೊಂಡರು.

"ಅಮ್ಮಾರೆ, ಬಟ್ಟೆ ಒಳಗೆ ತಗಳ್ರಿ. ಗೋಡೆ ಉಜ್ತೀನಿ, ಧೂಳು ಹಾರ್ತೈತೆ."

ಎತ್ತಿ ಆಡಿಸಿದ ಮಾವ ತನಗೆ 'ರಿ' ಹಚ್ಚಿ ಮಾತಾಡಿದ್ದನ್ನು ಕೇಳಿಸಿಕೊಂಡು ಮಮತಾ ಒದ್ದೆ ಬಟ್ಟೆಯನ್ನೆಲ್ಲ ಎದೆಗವುಚಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹತ್ತು ಗಂಟೆ ಸುಮಾರಿಗೆ ಶಿವಲೀಲಾ ಮೆಟ್ಟಿಲ ಬುಡದಿಂದ ಕೂಗಿದರು. "ಮಮತಾ, ನಾನು ಪೂಜೆಗೆ ಕೂಡ್ತೀನಿ. ಬಣ್ಣದೋನಿಗೆ ಒಂಚೂರು ಟೀ ಮಾಡಿ ಕೊಡ್ರಿ. ಪೇಪರ್ ಲೋಟ ಹೊರಗಿನ ಕಿಟಕೀಲಿ ಐತೆ. ಒಳ್ಳೇ ಮನುಷ್ಯ ಪಾಪ, ಕೆಲಸ ಚೊಕ್ಕ. ಹೊರಗೋಡೆ ಅಷ್ಟೇ ಅವನಿಗೆ. ಒಳಗಡೆಗೆ ಬೇರೆಯೋರು ಬರ್ತಾರೆ."

ಮಮತಾ ಟೀ ಮಾಡಿದಳು. ಮಾವನಿಗೆ ಶುಂಠಿ ಬೇಕು, ಶುಂಠಿ ಜಜ್ಜಿ ಹಾಕಿದಳು. ಸ್ಟೀಲ್ ಲೋಟ ಕೈಗೆತ್ತಿಕೊಂಡು, ಮತ್ತೆ ಇಟ್ಟು, ಪಾತ್ರೆ ಹಿಡಿದುಕೊಂಡೇ ಕೆಳಗಿಳಿದು ಕಿಟಕಿಯಲ್ಲಿದ್ದ ಪೇಪರ್ ಲೋಟಕ್ಕೆ ಬಗ್ಗಿಸಿದಳು. ಒಳಗೆ ಪೂಜೆಯ ಗಂಟೆ ಕೇಳುತ್ತಿತ್ತು. ಮೂಕಪ್ಪ ಏಣಿ ಇಳಿದು ಬಂದು ಲೋಟ ತೆಗೆದುಕೊಂಡರು. ಗೋಡೆಯ ಕಡೆ ಮುಖ ಮಾಡಿಕೊಂಡೇ ತಗ್ಗಿದ ದನಿಯಲ್ಲಿ ಕೇಳಿದರು.

"ಹಾಲುಕ್ಕಿಸಿದ್ರೇನವ್ವ?"

"ಹೂಂ ಮಾವ."

"ಯಾವ ಕಡೆಗೆ ಉಕ್ತು?"

"ಮೂಡಲಕ್ಕೆ."

"ಒಳ್ಳೇದಾತು ಬಿಡು. ಮೂಡಲಕ್ಕೆ ಉಕ್ಕಿದ್ರೆ ಮನೆ ಬೆಳೀತೈತೆ."

ಇಷ್ಟೇ ಅವರು ಕೇಳಿದ್ದು. ಮಮತಾ ಏನಾದರೂ ಹೇಳಬೇಕೆಂದು ನಿಂತಳು. ಹೇಳಲು ಇದ್ದದ್ದೆಲ್ಲ ನೆಪಗಳು. ಚನ್ನಗಿರಿಯ ಅಳಿಯ, ನ್ಯಾಮತಿಯ ಬೋರ್ಡು. ಅವನ್ನು ಕೇಳಿದರೆ ಮಾವ ಅದಕ್ಕೂ ಸರಿ ಬಿಡವ್ವ ಎನ್ನುತ್ತಿದ್ದರು, ಅದು ಅವಳಿಗೆ ಬೇಕಿರಲಿಲ್ಲ. ಪೂಜೆಯ ಗಂಟೆ ನಿಂತಿತು. ಮೂಕಪ್ಪ ಸ್ವಲ್ಪ ಗಟ್ಟಿಯಾಗಿ, "ಟೀ ಚೊಲೋ ಐತೆ ಅಮ್ಮಾರೆ" ಎಂದು ಏಣಿ ಹತ್ತಿದರು.

ಮಧ್ಯಾಹ್ನ ಮೇಷ್ಟ್ರ ಬೈಕು ಗೇಟಿನೊಳಗೆ ಬಂತು. ಹಿಂದೆ ಉಷಾ. ಪೊಲೀಸರು ಅಡ್ಡ ಹಾಕಿದರೂ ಹೆಲ್ಮೆಟನ್ನು ಟ್ಯಾಂಕಿನ ಮೇಲೇ ಇಟ್ಟುಕೊಂಡು ವಾದ ಮಾಡುವ ಮನುಷ್ಯ, ಅವತ್ತು ಏಣಿ ಕಂಡ ಕೂಡಲೇ ಅದನ್ನು ತಲೆಗೇರಿಸಿ, ಗಾಜು ಇಳಿಸಿ, ಹಾಗೆಯೇ ಮೆಟ್ಟಿಲು ಹತ್ತಿ ಅಡುಗೆಮನೆಯವರೆಗೆ ಬಂದುಬಿಟ್ಟರು. ಬೇರೆ ದಿನವಾಗಿದ್ದರೆ ಮಮತಾ ಬಿದ್ದು ಬಿದ್ದು ನಗುತ್ತಿದ್ದಳು.

"ಏನಾರ ಅಂದ್ರಾ?" ಹೆಲ್ಮೆಟ್ಟಿನೊಳಗಿಂದ ದನಿ ಬಂತು.

"ಅಂದಿದ್ರೆ ಚೊಲೋ ಇತ್ತು. ಅದನ್ನ ತಗೀರಿ ಮೊದ್ಲು."

ಮೇಷ್ಟ್ರು ತೆಗೆದರು. ಮುಖ ಬೆವೆತು ತೊಪ್ಪೆಯಾಗಿತ್ತು. ಯಾರ ಕಡೆಗೂ ನೋಡದೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿತು.

ಉಷಾ ಬ್ಯಾಗು ಇಳಿಸಿ ಅಮ್ಮನ ಹತ್ತಿರ ಬಂದಳು. ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

"ಅಮ್ಮ, ಏಣಿ ಮೇಲೆ ಮೂಕಪ್ಪ ತಾತ ಐತೆ. ನನ್ನ ನೋಡಿ ನಗ್ತು. ನಾನು ಮಾತಾಡಿಸ್ಲಿಲ್ಲ. ಸರಿ ಮಾಡಿದ್ನಾ?"

ಹಾಗೆ ಮಾಡು ಎಂದು ಈ ಮನೆಯಲ್ಲಿ ಯಾರೂ ಆ ಮಗುವಿಗೆ ಹೇಳಿಕೊಟ್ಟಿರಲಿಲ್ಲ. ಶಭಾಸ್ ಎನ್ನಿಸಿಕೊಳ್ಳಲು ಅವಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಮಮತಾಗೆ ನಾಚಿಕೆ ಎಂದರೆ ಏನೆಂದು ಆವಾಗ ತಿಳಿಯಿತು. ಬೆಳಗಿನಿಂದ ಆದದ್ದು ಬರೀ ಹೆದರಿಕೆ. ಸ್ಟೀಲ್ ಲೋಟಕ್ಕೆ ಉಳಿದ ಟೀ ಬಗ್ಗಿಸಿಕೊಂಡು, ಬಿಸಿ ಮಾಡಲೂ ನಿಲ್ಲದೆ, ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದಳು. ಮಾವಾ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿಬಿಡುತ್ತೇನೆ, ಮನೆ ಹೋದರೆ ಹೋಗಲಿ ಎಂದುಕೊಂಡಳು. ಆ ಮೆಟ್ಟಿಲುಗಳ ಮೇಲೆ ಅವಳಿಗೆ ಅದು ನಿಜವಾಗಿಯೂ ಸಾಧ್ಯವಿತ್ತು.

ಕೆಳಗೆ ಏಣಿ ಇರಲಿಲ್ಲ. ಗೋಡೆ ಅರ್ಧ ಉಜ್ಜಿದ್ದು, ಅರ್ಧ ಹಾಗೆಯೇ. ಶಿವಲೀಲಾ ಧೂಳು ಗುಡಿಸುತ್ತಿದ್ದರು.

"ಸೊಂಟ ಹಿಡ್ಕಂತು ಅಂತ ಹೋಗೇಬಿಟ್ಟ ನೋಡ್ರಿ. ನಾಳೆಯಿಂದ ಬೇರೆಯೋನ್ನ ಕಳಿಸ್ತಾನಂತೆ. ಅರ್ಧ ದಿನದ ಕೂಲಿ ಕೊಡಾಕೆ ಹೋದ್ರೆ ಅದನ್ನೂ ಮುಟ್ಟಲಿಲ್ಲ." ಅವರು ಮಮತಾಳ ಕೈಯಲ್ಲಿದ್ದ ಲೋಟ ನೋಡಿದರು. "ಯಾಕ್ರಿ, ಏನಾರ ಬೇಕಿತ್ತೇನು ಅವನ ಹತ್ರ?"

ಹಿಂದೆ ಮೆಟ್ಟಿಲ ಮೇಲೆ ಸದ್ದಾಯಿತು. ಉಷಾ ಇಳಿದು ಬಂದು ನಿಂತಿದ್ದಳು. ಶಿವಲೀಲಾ ಅವಳನ್ನು ನೋಡಿ ನಕ್ಕು, "ಬಾ ಪುಟ್ಟಿ, ಜಡೆ ಬಿಚ್ಚೈತೆ" ಎಂದರು. ಈಗ ಹೇಳಿದರೆ ಯಾರಿಗೆ ಬೇಕು, ಮಾವನೇ ಇಲ್ಲ ಎಂದು ಮಮತಾಳ ಮನಸ್ಸು ಥಟ್ಟನೆ ಒಂದು ದಾರಿ ಹುಡುಕಿಕೊಟ್ಟಿತು. ಲೋಟವನ್ನು ಸೆರಗಿನ ಮರೆಗೆ ಸರಿಸಿದಳು.

"ಏನಿಲ್ರಿ" ಎಂದಳು. "ಬಟ್ಟೆ ಹೊರಗೆ ಹಾಕ್ಬೋದಾ ಕೇಳಾಣ ಅಂತ ಬಂದೆ."

"ಹಾಕ್ರಿ, ಹಾಕ್ರಿ. ಇವತ್ತಿನ್ನ ಧೂಳಿಲ್ಲ."

ಉಷಾ ಅಮ್ಮನನ್ನೊಮ್ಮೆ ನೋಡಿದಳು. ಲೆಕ್ಕ ಸರಿಯಾಗಿದೆ ಎಂದು ಗೊತ್ತಾದವಳಂತೆ ತಲೆಯಾಡಿಸಿ, ಜಡೆ ಹಾಕಿಸಿಕೊಳ್ಳಲು ಶಿವಲೀಲಾರ ಮುಂದೆ ಹೋಗಿ ಕುಳಿತಳು.