ಕೆಳಗೆ ಯಾರು ಬರುತ್ತಾರೆ

ಮಂಡಿ ಕೈಕೊಟ್ಟ ಮೇಲೆ ನಾನು ಮರ ಹತ್ತುವುದು ನಿಂತಿತು. ನಮ್ಮ ತಂಡದ ಮೇಸ್ತ್ರಿ ಒಳ್ಳೆಯವನು. ಒಂದಷ್ಟು ಕಾಲ ನನ್ನನ್ನು ಸುಮ್ಮನೆ ಲಾರಿಯಲ್ಲಿ ಕೂರಿಸಿಕೊಂಡು ತಿರುಗಿದ. ಹಗ್ಗ ಸುತ್ತುವುದು, ಗರಗಸಕ್ಕೆ ಎಣ್ಣೆ ಬಿಡುವುದು, ಬಿದ್ದ ಸೊಪ್ಪು ಗುಡಿಸುವುದು, ಇಷ್ಟೇ ನನ್ನ ಕೆಲಸ. ಆಮೇಲೆ ಒಂದು ಬೆಳಿಗ್ಗೆ ತಲೆ ಕೆರೆದುಕೊಂಡು ಬಂದು ನಿಂತ.

"ಅಜ್ಜ, ಇನ್ಮೇಲೆ ಕೆಲಸ ಇಲ್ದೋರನ್ನ ಲಾರೀಲಿ ಕೂರಿಸ್ಬಾರದಂತೆ. ಮರ ತಪಾಸಣೆ ಕಾರ್ಡ್ ಇರೋರು ಒಬ್ರು ಬೇಕಂತೆ. ನೀನು ಪರೀಕ್ಷೆ ಕಟ್ಟು. ಪಾಸಾದ್ರೆ ನಿನ್ನ ಸೀಟು ನಿಂದೇ."

"ನಾನು ಮೂರನೇ ಕ್ಲಾಸು ದಾಟಿದೋನಲ್ಲ ಮಾರಾಯ."

"ಹಾಗಾದ್ರೆ ಇದು ನಾಲ್ಕನೇ ಕ್ಲಾಸು ಅಂದ್ಕೋ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನಗೆ ಇದ್ದದ್ದೇ ಆ ಕಿಟಕಿ ಪಕ್ಕದ ಸೀಟು. ಹೆಂಡತಿ ಹೋದ ಮೇಲೆ ಮನೆಯಲ್ಲಿ ಬೈಯುವುದಕ್ಕೂ ಜನವಿಲ್ಲ. ಬೆಳಿಗ್ಗೆ ಆ ಹುಡುಗರು "ಏನಜ್ಜ, ಹಲ್ಲು ಎಣಿಸ್ಕೊಂಡು ಬಂದ್ಯಾ, ಎಲ್ಲ ಇದಾವಾ?" ಎಂದು ಕೆಣಕುತ್ತಿದ್ದರಲ್ಲ, ಇಡೀ ದಿನಕ್ಕೆ ನನ್ನ ಪಾಲಿನ ಮಾತು ಅದೇ. ಸೀಟು ಹೋದರೆ ಅದೂ ಹೋದಂತೆ. ಪರೀಕ್ಷೆಗೆ ಹೆಸರು ಕೊಟ್ಟೆ.

ಕೊಟ್ಟ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ನಾನು ಓದುವುದೆಂದರೆ ಮಬ್ಬುಗಣ್ಣಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ನನ್ನ ಹೆಂಡತಿಯ ತಂಗಿಯನ್ನು ಕೇಳಿಕೊಂಡೆ.

"ಅಕ್ಕ ಇದ್ದಾಗ ನಾನು ಬಂದ್ರೆ ಮುಖ ಎತ್ತಿ ನೋಡ್ತಿರ್ಲಿಲ್ಲ. ಈಗ ನನ್ನ ಹತ್ರ ಪಾಠ ಹೇಳಿಸ್ಕೊಳ್ತೀರಾ ಭಾವ?" ಎಂದು ಚುಚ್ಚಿದಳು. ಆದರೂ ಬಂದಳು. ಸಂಜೆ ಕೆಲಸ ಮುಗಿಸಿ, ಕತ್ತಿಗೆ ಅಳತೆಯ ಟೇಪು ನೇತುಹಾಕಿಕೊಂಡೇ ಬಂದು ಕೂತು ಓದುತ್ತಿದ್ದಳು. ಬುಡದಲ್ಲಿ ಅಣಬೆ ಎದ್ದರೆ ಏನರ್ಥ, ಕವಲಿನ ನಡುವೆ ತೊಗಟೆ ಸಿಕ್ಕಿಕೊಂಡರೆ ಏನಾಗುತ್ತದೆ, ಕೊಡತಿಯಿಂದ ಕಾಂಡ ತಟ್ಟಿದರೆ ಯಾವ ಸದ್ದು ಒಳ್ಳೆಯದು. ಅದೆಲ್ಲ ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮೊದಲನೇ ಪಾಠ. ಮರ ನೋಡುವ ಮೊದಲು ನೆಲ ನೋಡಬೇಕಂತೆ. ಅದರ ಕೆಳಗೆ ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಅದನ್ನು ಬರೆದ ಮೇಲೆ ಮಿಕ್ಕದ್ದು. ನನ್ನ ಕಣ್ಣು ಮಾತ್ರ ಚಿತ್ರ ನೋಡಿದ ಕೂಡಲೇ ಕೊಂಬೆಗೇ ಹೋಗುತ್ತಿತ್ತು.

"ಭಾವ, ಕತ್ತು ಇಳಿಸಿ! ಕೆಳಗೆ ಯಾರು ಬರ್ತಾರೆ, ಮೊದ್ಲು ಅದನ್ನ ಹೇಳಿ."

"ಯಾರೂ ಬರಲ್ಲ."

"ಬರದಿದ್ರೆ?"

"ಎಷ್ಟು ಟೊಳ್ಳಾಗಿದ್ರೂ ಚಿಂತೆಯಿಲ್ಲ. ಬಿಟ್ಟುಬಿಡೋದು."

ಉತ್ತರ ಸರಿಯಿತ್ತು. ಅವಳು ಹಾಳೆ ಮಗುಚಿದಳು. ಅವಳು ಬಂದ ದಿನ ನನಗೆ ತೊಳೆಯಲು ಎರಡು ಲೋಟ ಇರುತ್ತಿದ್ದವು.

ಬರವಣಿಗೆಯ ಪರೀಕ್ಷೆ ಹೇಗೋ ದಡ ಸೇರಿತು. ಉಳಿದದ್ದು ಮರಗಳ ಎದುರು ನಿಂತು ಬರೆಯುವುದು. ಮುಚ್ಚಿಹೋದ ಒಂದು ಗಿರಣಿಯ ಹಿತ್ತಲಿಗೆ ಕರೆದೊಯ್ದರು. ಪರೀಕ್ಷೆ ಮಾಡುವಾಕೆ ನನಗೆ ಮಗಳಾಗುವ ವಯಸ್ಸಿನವಳು, ತಾಳ್ಮೆಯ ಹೆಂಗಸು. ಮೊದಲಿನವು ಸಲೀಸಾದವು. ಕೊನೆಯದು ಹಿಂದಿನ ಗೋಡೆಯ ಹತ್ತಿರದ ಹಳೇ ಮರ. ಈ ಸಲ ಮರೆಯದೆ ನೆಲ ನೋಡಿದೆ.

ಒಂದು ಕುರ್ಚಿ ಇತ್ತು.

ಹಳೆಯ ಮರದ ಕುರ್ಚಿ. ಕಾಲುಗಳು ಮಣ್ಣಿನಲ್ಲಿ ಕುಳಿ ಮಾಡಿಕೊಂಡು ಕೂತಿದ್ದವು. ಮುಂದೆ ಎರಡು ಪಾದ ಊರುವಷ್ಟು ಜಾಗದಲ್ಲಿ ಹುಲ್ಲು ಸವೆದಿತ್ತು. ಸುತ್ತ ಎಲೆ ಹಾಸಿ ಬಿದ್ದಿದ್ದರೂ ಕೂರುವ ಹಲಗೆಯ ಮೇಲೆ ಒಂದೂ ಇಲ್ಲ. ದಿನಾ ಒಬ್ಬರು ಕೂರುತ್ತಾರೆ ಎಂದು ಬರೆದುಕೊಂಡೆ. ತಲೆ ಎತ್ತಿದೆ. ನೆಟ್ಟಗೆ ಅದರ ಮೇಲೆ ತೋಳು ಗಾತ್ರದ ಒಣ ಕೊಂಬೆ, ಬುಡದಲ್ಲಿ ಕೊಳೆತು ಕಪ್ಪಾಗಿತ್ತು.

ನನ್ನ ಕಣ್ಣ ಮುಂದೆ ಅಲ್ಲಿ ಕೂರುವವರ ನೆತ್ತಿಯೊಂದೇ ಬಂತು. ನೆರೆತದ್ದೋ ಕಪ್ಪೋ, ಅದೂ ತಿಳಿಯದು. ಇಡೀ ಆಯುಷ್ಯ ಗರಗಸ ಹಿಡಿದ ಕೈ ತನಗೆ ಗೊತ್ತಿದ್ದ ಒಂದೇ ಮಾತು ಬರೆಯಿತು: ಮರ ಕಡಿಯಬೇಕು.

ಆಕೆ ಓದಿ ನಿಟ್ಟುಸಿರುಬಿಟ್ಟಳು. "ದಿನಾ ಒಬ್ರು ಕೂರ್ತಾರೆ ಅಂತ ಬರ್ದಿದೀರಿ, ಸರಿ. ಆದ್ರೆ ಒಂದು ಕೊಂಬೆಗೋಸ್ಕರ ಇಡೀ ಮರ ಕಡಿಯೋದಾ ಯಜಮಾನ್ರೇ? ಕುರ್ಚಿ ಆಚೆ ಇಟ್ರೆ ಮುಗೀತಲ್ಲ."

"ಆಚೆ ಇಟ್ರೆ ಅವ್ರು ಕೂರಲ್ಲಮ್ಮ."

"ಯಾಕೆ ಕೂರಲ್ಲ?"

ಮನೆಯಲ್ಲಿ ನಾನು ಮಂಚದ ಗೋಡೆ ಕಡೆಯ ಅಂಚಿನಲ್ಲೇ ಇವತ್ತಿಗೂ ಮಲಗುತ್ತೇನೆ, ಇನ್ನೊಂದು ಕಡೆ ಖಾಲಿ ಇದ್ದರೂ. ಅದನ್ನು ಪರೀಕ್ಷೆಯಲ್ಲಿ ಹೇಗೆ ಹೇಳುವುದು? ಆಕೆಯೇ ಕುರ್ಚಿ ಎತ್ತಿ ಗೋಡೆ ಬದಿಗೆ ಇಟ್ಟು ಕೈ ಕೊಡವಿಕೊಂಡಳು. "ಮುಂದಿನ ವರ್ಷ ಬನ್ನಿ," ಎಂದಳು. ತಪ್ಪು ಆಕೆಯದಲ್ಲ. ಬರೆದದ್ದು ನಾನು.

ಮೇಸ್ತ್ರಿ ಕಾರ್ಡಿದ್ದ ಬೇರೊಬ್ಬನನ್ನು ಹುಡುಕಿಕೊಂಡ. ನಾದಿನಿ ಪುಸ್ತಕಕ್ಕೆ ಹೊದಿಕೆ ಹಾಕಿ ಕಪಾಟಿನ ಮೇಲಿಟ್ಟು, "ಇರ್ಲಿ ಬಿಡಿ ಭಾವ," ಎಂದು ಹೋದಳು. ಮತ್ತೆ ಬರಲು ಅವಳಿಗೆ ನೆಪ ಬೇಕಲ್ಲ.

ಬೆಳಗಿನ ಹೊತ್ತು ಮುಗಿಯುತ್ತಲೇ ಇರಲಿಲ್ಲ. ಕಾಲು ತಾನಾಗಿ ಗಿರಣಿಯ ಕಡೆ ಒಯ್ದಿತು. ಗೋಡೆ ಕುಸಿದ ಕಡೆಯಿಂದ ಒಳಗೆ ಹೋದೆ. ಕುರ್ಚಿ ಆಕೆ ಇಟ್ಟಲ್ಲೇ ಇತ್ತು. ಹಲಗೆಯ ಮೇಲೆ ಎಲೆ, ಹಕ್ಕಿ ಹಿಕ್ಕೆ. ಮುಂದಿನ ವಾರ ಹೋದಾಗ ಇನ್ನಷ್ಟು ಎಲೆ. ಸವೆದ ಜಾಗದಲ್ಲಿ ಹುಲ್ಲು ಚಿಗುರಿತ್ತು. ಈಗ ಪುಸ್ತಕದ ಲೆಕ್ಕದಲ್ಲಿ ಆ ಮರ ಪಾಸು. ಕೆಳಗೆ ಯಾರೂ ಬರುವುದಿಲ್ಲ.

ಆಗ ಹೊಳೆಯಿತು, ತಡವಾಗಿ. ಸಂಜೆ ಮೇಸ್ತ್ರಿಯ ಶೆಡ್ಡಿಗೆ ಹೋಗಿ ಉದ್ದ ಕೋಲಿನ ಗರಗಸ ಕೇಳಿದೆ.

"ಯಾವ ಮನೆ ಕೆಲಸ ಅಜ್ಜ?"

"ಮನೆಯಲ್ಲ. ಒಂದು ಕೊಂಬೆ."

"ಕಾರ್ಡ್ ಇಲ್ದೆ ಕೊಯ್ತೀಯಾ?"

"ಕೊಂಬೆಗೇನು ಓದೋಕೆ ಬರುತ್ತಾ?"

ಅವನು ನಕ್ಕು ಕೊಟ್ಟ. "ಬೆಳಿಗ್ಗೆ ಲಾರಿ ಹೊರಡೋದ್ರೊಳಗೆ ತಂದ್ಬಿಡು, ಹುಡುಗ್ರೂ ನಿನ್ನ ಕೇಳ್ತಿರ್ತಾರೆ," ಎಂದ.

ಬೆಳಕು ಹರಿಯುತ್ತಲೇ ಹೋದೆ. ತೊಗಟೆ ಸೀಳದಿರಲೆಂದು ಮೊದಲು ಕೆಳಗಿನಿಂದ ಅರ್ಧ ಕೊಯ್ದೆ, ಆಮೇಲೆ ಮೇಲಿನಿಂದ. ರಟ್ಟೆ ಬಿದ್ದುಹೋಯಿತು. ನಿಂತು, ಉಸಿರು ತೆಗೆದುಕೊಂಡು, ಮತ್ತೆ ಕೊಯ್ದೆ. ಕೊಂಬೆ ದೊಪ್ಪನೆ ಬಿತ್ತು. ಅದನ್ನು ಎಳೆದು ಗೋಡೆಗೆ ಹಾಕಿದೆ. ಕುರ್ಚಿಯನ್ನು ತಂದು ಅದರ ನಾಲ್ಕು ಕುಳಿಗಳಲ್ಲಿ ಕಾಲು ಕೂರಿಸಿದೆ. ಹೆಗಲ ಮೇಲಿನ ಟವೆಲಿನಿಂದ ಹಲಗೆ ಒರೆಸಿದೆ. ಸುಸ್ತಾಗಿತ್ತು, ಕೂರಬಹುದಿತ್ತು. ಕೂರಲಿಲ್ಲ.

ಗರಗಸ ಹೊತ್ತು ಶೆಡ್ಡಿಗೆ ಹೋಗುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ನೆಲದ ಮೇಲೆ ಚಕ್ರದ ಗುರುತು ಇನ್ನೂ ಹಸಿ ಇತ್ತು. ಗರಗಸವನ್ನು ಗೋಡೆಗೆ ಒರಗಿಸಿ, ಅದು ಜಾರುವುದಿಲ್ಲವೆಂದು ಎರಡು ಸಲ ನೋಡಿಕೊಂಡು, ಮನೆ ಕಡೆ ನಡೆದೆ.